ಬಿಸಿ ಪಾನೀಯ ತಣ್ಣಗಾಗುವ ಬಗೆ: ಗ್ರಾಫ್ ಬಾಗುವುದೇಕೆ?

ಬಿಸಿ ಚಹಾ ಅಥವಾ ಕಾಫಿ ತುಂಬಿದ ಕಪ್ಪನ್ನು ಮೇಜಿನ ಮೇಲೆ ಬಿಟ್ಟರೆ ಅದು ತಣ್ಣಗಾಗುತ್ತದೆ. ಅದು ಕಳೆದುಕೊಂಡ ಉಷ್ಣ ಯಾವ ದಾರಿಯಿಂದ ಹೊರಗೆ ಹೋಯಿತು ಎಂದು ಕೇಳಿದರೆ, ಕಪ್ಪಿನ ಗೋಡೆಯ ಮೂಲಕ ಸುತ್ತಲಿನ ತಂಪು ಗಾಳಿಗೆ ಹೋಯಿತು ಎಂಬ ಉತ್ತರವೇ ಸಾಮಾನ್ಯವಾಗಿ ಬರುತ್ತದೆ. ಇದು ಅರ್ಧ ಸತ್ಯ. ಮುಚ್ಚಳವಿಲ್ಲದ ಕಪ್ಪಿನಲ್ಲಿ, ಅದರಲ್ಲೂ ಪಾನೀಯ ಬಹಳ ಬಿಸಿಯಾಗಿರುವ ಮೊದಲ ಹಂತದಲ್ಲಿ, ಉಷ್ಣದ ದೊಡ್ಡ ಪಾಲನ್ನು ಹೊತ್ತೊಯ್ಯುವುದು ಮೇಲ್ಮೈಯಿಂದ ಏಳುವ ಆವಿ. ಇದನ್ನು ತಿಳಿಯಲು ಸುಸಜ್ಜಿತ ಪ್ರಯೋಗಾಲಯ ಬೇಕಾಗಿಲ್ಲ. ಒಂದೆರಡು ಥರ್ಮಾಮೀಟರ್, ಒಂದು ಗಡಿಯಾರ, ಅಡುಗೆಮನೆಯ ತಕ್ಕಡಿ ಮತ್ತು ಒಂದೇ ಬಗೆಯ ಮೂರು ಕಪ್ಪುಗಳಿದ್ದರೆ ತರಗತಿಯಲ್ಲಿ ಒಂದು ಗಂಟೆಯೊಳಗೆ ಕಂಡುಕೊಳ್ಳಬಹುದು. ಆದರೆ ಅಳತೆಗಳು ಪಠ್ಯದ ಸೂತ್ರಕ್ಕೆ ಹೊಂದದಿದ್ದಾಗ ಅವನ್ನು ಎಳೆದು ಹೊಂದಿಸಬಾರದು, ಏಕೆ ಹೊಂದುತ್ತಿಲ್ಲ ಎಂದು ಕೇಳಬೇಕು. ಈ ಪ್ರಯೋಗದ ಜೀವಾಳ ಇರುವುದು ಅಲ್ಲಿಯೇ.

ಪಠ್ಯದಲ್ಲಿರುವ ಸೂತ್ರ ನ್ಯೂಟನ್ನನದು. 1701ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ, ಲ್ಯಾಟಿನ್ ಭಾಷೆಯಲ್ಲಿ, ಲೇಖಕರ ಹೆಸರಿಲ್ಲದೆ ಪ್ರಕಟವಾದ ಅವರ ಲೇಖನದಲ್ಲಿ ಈ ವಿಚಾರ ಬರುತ್ತದೆ. ಬಿಸಿ ವಸ್ತುವೊಂದು ಉಷ್ಣ ಕಳೆದುಕೊಳ್ಳುವ ವೇಗವು ಅದಕ್ಕೂ ಅದರ ಪರಿಸರಕ್ಕೂ ನಡುವಿನ ತಾಪಮಾನದ ವ್ಯತ್ಯಾಸಕ್ಕೆ ನೇರ ಅನುಪಾತದಲ್ಲಿರುತ್ತದೆ ಎಂಬುದು ಅದರ ತಿರುಳು. ಇಲ್ಲಿ ಲೆಕ್ಕಕ್ಕೆ ಬರುವುದು ಪಾನೀಯದ ತಾಪಮಾನವಲ್ಲ, ಕೋಣೆಗಿಂತ ಅದು ಎಷ್ಟು ಹೆಚ್ಚು ಬಿಸಿಯಾಗಿದೆ ಎಂಬುದು. ಕೋಣೆಯ ತಾಪಮಾನ 25 ಡಿಗ್ರಿ ಸೆಲ್ಸಿಯಸ್, ಪಾನೀಯದ್ದು 85 ಡಿಗ್ರಿ ಎಂದಿಟ್ಟುಕೊಳ್ಳೋಣ. ಆಗ ವ್ಯತ್ಯಾಸ 60 ಡಿಗ್ರಿ. ಈ ವ್ಯತ್ಯಾಸ ಅರ್ಧಕ್ಕಿಳಿಯಲು 30 ನಿಮಿಷ ಹಿಡಿಯಿತೆಂದರೆ, ನ್ಯೂಟನ್ ನಿಯಮದ ಪ್ರಕಾರ ಅರ್ಧ ಗಂಟೆಯ ಬಳಿಕ ಪಾನೀಯ 55 ಡಿಗ್ರಿಯಲ್ಲೂ, ಒಂದು ಗಂಟೆಯ ಬಳಿಕ 40 ಡಿಗ್ರಿಯಲ್ಲೂ, ಒಂದೂವರೆ ಗಂಟೆಯ ಬಳಿಕ 32.5 ಡಿಗ್ರಿಯಲ್ಲೂ ಇರಬೇಕು. ಮೊದಲ ಅರ್ಧ ಗಂಟೆಯಲ್ಲಿ 30 ಡಿಗ್ರಿ ಇಳಿದ ಪಾನೀಯ ಮೂರನೆಯ ಅರ್ಧ ಗಂಟೆಯಲ್ಲಿ ಇಳಿಯುವುದು ಕೇವಲ 7.5 ಡಿಗ್ರಿ.

ನ್ಯೂಟನ್ ಈ ನಿಯಮವನ್ನು ಯಾವ ವಸ್ತುವಿಗೆ ಅನ್ವಯಿಸಿದ್ದರು ಎಂಬುದನ್ನು ಮರೆಯಬಾರದು. ಅವರು ಕೆಂಪಗೆ ಕಾಯಿಸಿದ ಕಬ್ಬಿಣದ ತುಂಡೊಂದನ್ನು ಒಂದೇ ಸಮನೆ ಗಾಳಿ ಬೀಸುವ ತಂಪು ಸ್ಥಳದಲ್ಲಿಟ್ಟು, ಅದರ ಮೇಲೆ ಬೇರೆ ಬೇರೆ ಲೋಹಗಳ ಚೂರುಗಳನ್ನಿರಿಸಿ, ಕರಗಿದ ಪ್ರತಿಯೊಂದು ಲೋಹ ಮತ್ತೆ ಗಟ್ಟಿಯಾಗಲು ಹಿಡಿದ ಸಮಯವನ್ನು ಗುರುತಿಸಿದರು. ಕಬ್ಬಿಣ ಆವಿಯಾಗಿ ಹಾರಿಹೋಗುವುದಿಲ್ಲ. ಜೊತೆಗೆ ಗಾಳಿಯ ಬೀಸು ಸ್ಥಿರವಾಗಿತ್ತು. ನಮ್ಮ ಕಪ್ಪಿನಲ್ಲಿ ಈ ಎರಡೂ ಇಲ್ಲ. ಅಲ್ಲಿರುವುದು ಆವಿಯಾಗಬಲ್ಲ ದ್ರವ, ಸುತ್ತಲಿರುವುದು ನಿಂತ ಗಾಳಿ. ಹಾಗಾಗಿ ನಿಯಮ ಕಪ್ಪಿಗೆ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದು ಅಳೆದು ನೋಡಿಯೇ ಹೇಳಬೇಕಾದ ಮಾತು.

ಪ್ರಯೋಗದ ಮೊದಲ ಎಚ್ಚರಿಕೆ ಕಪ್ಪಿಗೇ ಸಂಬಂಧಿಸಿದ್ದು. ಕಪ್ಪು ಕೂಡ ಉಷ್ಣ ಹೀರುತ್ತದೆ, ಮತ್ತು ನಾವು ಊಹಿಸುವುದಕ್ಕಿಂತ ಹೆಚ್ಚು ಹೀರುತ್ತದೆ. ಒಂದು ಗ್ರಾಂ ನೀರಿನ ತಾಪಮಾನ ಒಂದು ಡಿಗ್ರಿ ಬದಲಾಗಲು ಸುಮಾರು 4.18 ಜೂಲ್ ಬೇಕು. ಪಿಂಗಾಣಿಗೆ ಸುಮಾರು 0.85 ಜೂಲ್ ಸಾಕು. 25 ಡಿಗ್ರಿಯಲ್ಲಿರುವ 300 ಗ್ರಾಂ ತೂಕದ ದಪ್ಪ ಪಿಂಗಾಣಿ ಕಪ್ಪಿಗೆ 95 ಡಿಗ್ರಿಯ 200 ಗ್ರಾಂ ನೀರನ್ನು ಸುರಿದರೆ, ಎರಡೂ ಸಮ ತಾಪಮಾನಕ್ಕೆ ಬರುವ ಹೊತ್ತಿಗೆ ನೀರು ಸುಮಾರು 79 ಡಿಗ್ರಿಗೆ ಇಳಿದಿರುತ್ತದೆ. ಕೋಣೆಯ ಗಾಳಿಗೆ ಇನ್ನೂ ಏನೂ ಹೋಗಿಲ್ಲ ಎಂದುಕೊಂಡರೂ 16 ಡಿಗ್ರಿ ಹೋಯಿತು. ಸುರಿದ ಕ್ಷಣದಿಂದಲೇ ಗಡಿಯಾರ ಓಡಿಸಿದ ತಂಡದ ಗ್ರಾಫ್ ಮೊದಲ ಎರಡು ನಿಮಿಷ ಕಡಿದಾಗಿ ಧುಮುಕುವುದು ಈ ಕಾರಣಕ್ಕಾಗಿ, ಮತ್ತು ಆ ಧುಮುಕುವಿಕೆಗೂ ನ್ಯೂಟನ್ ನಿಯಮಕ್ಕೂ ಸಂಬಂಧವಿಲ್ಲ. ಕಪ್ಪನ್ನು ಮೊದಲೇ ಬಿಸಿನೀರಿನಿಂದ ತೊಳೆದು ಬೆಚ್ಚಗೆ ಮಾಡಿಕೊಳ್ಳಬಹುದು. ಇಲ್ಲವೇ ಸುರಿದು ಮೂರು ನಿಮಿಷ ಕಾದು, ಆಗಿನ ತಾಪಮಾನವನ್ನೇ ಆರಂಭವೆಂದು ಹಿಡಿಯಬಹುದು. ಎರಡನೆಯ ದಾರಿ ಸುಲಭ, ಸಾಕಷ್ಟು ನಿಖರ ಕೂಡ.

ಉಳಿದ ಸಿದ್ಧತೆ ಸರಳ. ಪಾನೀಯದ ಬದಲು ಬರಿಯ ನೀರನ್ನೇ ಬಳಸುವುದು ಒಳ್ಳೆಯದು, ಏಕೆಂದರೆ ಹಾಲು ಬೆರೆಸಿದ ಪಾನೀಯದ ಮೇಲೆ ಕೆನೆ ಕಟ್ಟಿದರೆ ಅದು ಆವಿಯನ್ನು ತಡೆದು ಲೆಕ್ಕವನ್ನು ಗೊಂದಲಗೊಳಿಸುತ್ತದೆ. ಮೂರೂ ಕಪ್ಪುಗಳಲ್ಲಿ ಅಳೆದು 200 ಗ್ರಾಂ ನೀರಿರಲಿ. ಕಪ್ಪುಗಳು ಕಲ್ಲಿನ ಅಥವಾ ಲೋಹದ ಮೇಜನ್ನು ನೇರವಾಗಿ ಮುಟ್ಟದಂತೆ ಕೆಳಗೆ ದಪ್ಪ ರಟ್ಟು ಅಥವಾ ಮಡಿಸಿದ ಬಟ್ಟೆ ಇರಲಿ, ಫ್ಯಾನ್ ನಿಲ್ಲಿಸಿರಲಿ. ಥರ್ಮಾಮೀಟರಿನ ತುದಿ ಎಲ್ಲ ಕಪ್ಪುಗಳಲ್ಲೂ ಒಂದೇ ಆಳದಲ್ಲಿ, ತಳವನ್ನಾಗಲಿ ಗೋಡೆಯನ್ನಾಗಲಿ ಮುಟ್ಟದಂತೆ ನಿಲ್ಲಬೇಕು. ತಣ್ಣಗಾದ ನೀರು ಕೆಳಗಿಳಿದು ಬಿಸಿ ನೀರು ಮೇಲೆ ಬರುವ ಸಂವಹನ ಕಪ್ಪಿನೊಳಗೆ ಸದಾ ನಡೆಯುತ್ತಿದ್ದರೂ, ತಳದ ಬಳಿಯ ನೀರು ಮೇಲಿನದಕ್ಕಿಂತ ಒಂದಿಷ್ಟು ತಂಪಾಗಿರುವುದರಿಂದ, ಪ್ರತಿ ಸಲ ಓದುವ ಮೊದಲು ಎಲ್ಲ ಕಪ್ಪುಗಳನ್ನೂ ಒಂದೇ ರೀತಿಯಲ್ಲಿ ಮೆಲ್ಲಗೆ ಕದಡಬೇಕು. ಕೋಣೆಯ ತಾಪಮಾನವನ್ನು ಆರಂಭದಲ್ಲೂ ಕೊನೆಯಲ್ಲೂ ಬರೆದಿಟ್ಟುಕೊಳ್ಳಬೇಕು. ಬಹಳ ತಂಡಗಳು ಮರೆಯುವುದು ಇದನ್ನೇ, ಅದಿಲ್ಲದೆ ಮುಂದಿನ ಯಾವ ಲೆಕ್ಕವೂ ನಡೆಯುವುದಿಲ್ಲ. 60 ಡಿಗ್ರಿಯ ನೀರು ಕೂಡ ಕೆಲವೇ ಕ್ಷಣಗಳಲ್ಲಿ ಚರ್ಮವನ್ನು ಸುಡಬಲ್ಲದು, ಆದ್ದರಿಂದ ನೀರು ಸುರಿಯುವ ಕೆಲಸ ಶಿಕ್ಷಕರದ್ದೇ ಆಗಿರಬೇಕು.

ಮೊದಲನೆಯ ಕಪ್ಪನ್ನು ತೆರೆದಿಡುವುದು, ಎರಡನೆಯದಕ್ಕೆ ಥರ್ಮಾಮೀಟರ್ ತೂರುವಷ್ಟೇ ರಂಧ್ರವಿರುವ ರಟ್ಟಿನ ಅಥವಾ ಪ್ಲಾಸ್ಟಿಕ್ಕಿನ ಮುಚ್ಚಳ ಹಾಕುವುದು. ಮೂರನೆಯ ಕಪ್ಪಿನ ವಿಚಾರಕ್ಕೆ ಆಮೇಲೆ ಬರುತ್ತೇನೆ. ಐದು ನಿಮಿಷಕ್ಕೊಮ್ಮೆ ತಾಪಮಾನ ಬರೆದುಕೊಂಡು, ಅಡ್ಡಕ್ಕೆ ಸಮಯ, ಉದ್ದಕ್ಕೆ ತಾಪಮಾನ ಇಟ್ಟು ಗ್ರಾಫ್ ಎಳೆದರೆ ಎರಡೂ ಕಪ್ಪುಗಳಿಗೆ ಮೊದಲು ಕಡಿದಾಗಿ ಇಳಿದು ಬರಬರುತ್ತ ಚಪ್ಪಟೆಯಾಗುವ ವಕ್ರರೇಖೆ ಸಿಗುತ್ತದೆ. ಬಹುತೇಕ ತರಗತಿಗಳಲ್ಲಿ ಪ್ರಯೋಗ ಇಲ್ಲಿಗೇ ಮುಗಿಯುತ್ತದೆ. ನ್ಯೂಟನ್ ನಿಯಮ ಸಾಬೀತಾಯಿತೆಂದು ಬರೆದು ಪುಸ್ತಕ ಮುಚ್ಚುತ್ತಾರೆ. ಇದು ಸರಿಯಲ್ಲ ಎಂದು ನನಗೆ ಬಲವಾಗಿ ಅನಿಸುತ್ತದೆ. ಕಡಿದಾಗಿ ಇಳಿದು ಚಪ್ಪಟೆಯಾಗುವ ರೇಖೆಗಳು ಹಲವು ಬಗೆಯವು ಇವೆ. ಬರಿಗಣ್ಣಿಗೆ ಅವೆಲ್ಲ ಒಂದೇ ತರಹ ಕಾಣುತ್ತವೆ.

ನಿಜವಾದ ಪರೀಕ್ಷೆಗೆ ಭಾಗಾಕಾರ ಬಂದರೆ ಸಾಕು. ಪ್ರತಿಯೊಂದು ತಾಪಮಾನದಿಂದ ಕೋಣೆಯ ತಾಪಮಾನವನ್ನು ಕಳೆದು ವ್ಯತ್ಯಾಸಗಳ ಸಾಲೊಂದನ್ನು ಮಾಡಿಕೊಳ್ಳಬೇಕು. ಅನಂತರ ಪ್ರತಿ ವ್ಯತ್ಯಾಸವನ್ನು ಅದರ ಹಿಂದಿನದರಿಂದ ಭಾಗಿಸಬೇಕು. ನ್ಯೂಟನ್ ನಿಯಮ ಸರಿಯಾಗಿ ಸಲ್ಲುವುದಾದರೆ ಸಮಾನ ಅಂತರದ ಓದುಗಳ ನಡುವೆ ಈ ಭಾಗಲಬ್ಧ ಬದಲಾಗಬಾರದು. ಅರ್ಧ ಗಂಟೆಗೊಮ್ಮೆ ವ್ಯತ್ಯಾಸ ಅರ್ಧವಾಗುವ ಮೇಲಿನ ಉದಾಹರಣೆಯಲ್ಲಿ ಐದು ನಿಮಿಷದ ಭಾಗಲಬ್ಧ ಆದಿಯಿಂದ ಅಂತ್ಯದವರೆಗೆ ಸುಮಾರು 0.89 ಇರುತ್ತದೆ. ಲಾಗರಿದಮ್ ಕಲಿತ ದೊಡ್ಡ ಮಕ್ಕಳು ವ್ಯತ್ಯಾಸದ ಲಾಗ್ ಬೆಲೆಯನ್ನು ಸಮಯದ ಎದುರು ಗುರುತಿಸಿ ನೋಡಬಹುದು; ನಿಯಮ ಸರಿಯಿದ್ದರೆ ಬಿಂದುಗಳು ಸರಳರೇಖೆಯ ಮೇಲೆ ಕೂರುತ್ತವೆ. ತಾಪಮಾನದ ಲಾಗ್ ತೆಗೆಯದೆ ವ್ಯತ್ಯಾಸದ ಲಾಗ್ ತೆಗೆಯಬೇಕು ಎಂಬುದಷ್ಟೇ ಇಲ್ಲಿ ನೆನಪಿಡಬೇಕಾದ್ದು.

ಮುಚ್ಚಳವಿರುವ ಕಪ್ಪಿನ ಬಿಂದುಗಳು ಸರಳರೇಖೆಗೆ ಸಾಕಷ್ಟು ಹತ್ತಿರ ಬರುತ್ತವೆ. ತೆರೆದ ಕಪ್ಪಿನವು ಬರುವುದಿಲ್ಲ. ಅದರ ಭಾಗಲಬ್ಧ ಆರಂಭದಲ್ಲಿ ಚಿಕ್ಕದಾಗಿದ್ದು, ನೀರು ತಣ್ಣಗಾದಂತೆ ಮೆಲ್ಲಗೆ ಏರುತ್ತದೆ. ಲಾಗ್ ಗ್ರಾಫಿನಲ್ಲಿ ಅದು ಮೊದಲು ಕಡಿದಾಗಿದ್ದು ಕ್ರಮೇಣ ಸಡಿಲಗೊಳ್ಳುವ ಬಾಗಾಗಿ ಕಾಣುತ್ತದೆ. ನೀರು ಬಹಳ ಬಿಸಿಯಾಗಿರುವಾಗ ನ್ಯೂಟನ್ ನಿಯಮ ಹೇಳುವುದಕ್ಕಿಂತ ವೇಗವಾಗಿ ಉಷ್ಣ ಹೋಗುತ್ತಿದೆ ಎಂದು ಇದರ ಅರ್ಥ. ಸ್ಕೇಲ್ ಇಟ್ಟು ಆ ಬಾಗಿನ ಮೇಲೆ ನೇರ ಗೆರೆ ಎಳೆದುಬಿಡುವ ಆಸೆ ಹುಟ್ಟುವುದು ಸಹಜ. ಆದರೆ ಆ ಗೆರೆ ಎಳೆದ ಕ್ಷಣದಲ್ಲೇ ಪ್ರಯೋಗ ಹೇಳಲು ಹೊರಟಿದ್ದ ಮುಖ್ಯ ಮಾತು ಅಳಿಸಿಹೋಗುತ್ತದೆ.

ಆ ಮಾತು ಆವಿಯದ್ದು. ಕಪ್ಪಿನಿಂದ ಉಷ್ಣ ಹೊರಹೋಗುವ ದಾರಿಗಳಲ್ಲಿ ಮೂರು ಎಲ್ಲರಿಗೂ ಪರಿಚಿತ. ಗೋಡೆ ಮತ್ತು ತಳದ ಮೂಲಕ ವಹನ, ಹೊರಮೈಗೆ ತಾಗಿ ಬಿಸಿಯಾದ ಗಾಳಿ ಮೇಲೇಳುವುದರಿಂದ ಸಂವಹನ, ಮತ್ತು ಹೊರಮೈಯಿಂದ ವಿಕಿರಣ. ವಿಕಿರಣವು ನಿರಪೇಕ್ಷ ತಾಪಮಾನದ (ಕೆಲ್ವಿನ್‌ನಲ್ಲಿ ಅಳೆದ ತಾಪಮಾನದ) ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ ಎಂದು ಭೌತವಿಜ್ಞಾನಿ ಸ್ಟೀಫನ್ 1879ರಲ್ಲಿ ತೋರಿಸಿದರು. ನಿಂತ ಗಾಳಿಯ ಸಂವಹನ ಕೂಡ ವ್ಯತ್ಯಾಸಕ್ಕಿಂತ ಸ್ವಲ್ಪ ಹೆಚ್ಚಿನ ದರದಲ್ಲಿ ಬೆಳೆಯುತ್ತದೆ. ಆದರೆ ಕಪ್ಪಿನ ತಾಪಮಾನಗಳ ವ್ಯಾಪ್ತಿಯಲ್ಲಿ ಇವೆರಡರಿಂದ ಆಗುವ ವಿಚಲನೆ ಚಿಕ್ಕದು, ಮುಚ್ಚಳವಿರುವ ಕಪ್ಪಿನ ರೇಖೆ ಬಹುಮಟ್ಟಿಗೆ ನೇರವಾಗಿರುವುದು ಅದಕ್ಕೇ.

ನಾಲ್ಕನೆಯ ದಾರಿಯಾದ ಬಾಷ್ಪೀಕರಣದ ನಡತೆ ಬೇರೆ. ದ್ರವದ ಕಣಗಳೆಲ್ಲ ಒಂದೇ ವೇಗದಲ್ಲಿ ಚಲಿಸುವುದಿಲ್ಲ. ಮೇಲ್ಮೈ ಬಳಿ ಇದ್ದು ಅತಿ ಹೆಚ್ಚು ಶಕ್ತಿ ಪಡೆದ ಕಣಗಳು ಉಳಿದವುಗಳ ಸೆಳೆತದಿಂದ ಬಿಡಿಸಿಕೊಂಡು ಗಾಳಿಗೆ ಸೇರುತ್ತವೆ. ಉಳಿದ ಕಣಗಳ ಸರಾಸರಿ ಶಕ್ತಿ ಕಡಿಮೆಯಾಗುತ್ತದೆ, ಅಂದರೆ ದ್ರವ ತಣ್ಣಗಾಗುತ್ತದೆ. ಹೀಗೆ ಹೊರಟ ಪ್ರತಿ ಗ್ರಾಂ ನೀರು ಸುಮಾರು 2,300 ಜೂಲ್ ಉಷ್ಣವನ್ನು ಗುಪ್ತೋಷ್ಣವಾಗಿ, ಅಂದರೆ ದ್ರವ ಆವಿಯಾಗಲು ಬೇಕಾದ ಉಷ್ಣವಾಗಿ, ಹೊತ್ತೊಯ್ಯುತ್ತದೆ. ಒಂದು ಗ್ರಾಂ ನೀರನ್ನು 80ರಿಂದ 60 ಡಿಗ್ರಿಗೆ ತಣಿಸಿದರೆ ಸಿಗುವುದು ಸುಮಾರು 84 ಜೂಲ್ ಮಾತ್ರ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಒಂದು ಗ್ರಾಂ ಆವಿ ಹೋಗುವಾಗ 27 ಗ್ರಾಂ ನೀರನ್ನು 20 ಡಿಗ್ರಿ ತಣಿಸುವಷ್ಟು ಉಷ್ಣವನ್ನು ತೆಗೆದುಕೊಂಡು ಹೋಗುತ್ತದೆ.

ಆವಿಯಾಗುವ ವೇಗ ತಾಪಮಾನದ ವ್ಯತ್ಯಾಸಕ್ಕೆ ಅನುಪಾತದಲ್ಲಿಲ್ಲ ಎಂಬುದೇ ಬಾಗಿಗೆ ಕಾರಣ. ಅದು ಬಹುಮಟ್ಟಿಗೆ ನೀರಿನ ಆವಿಯ ಒತ್ತಡವನ್ನು ಅವಲಂಬಿಸಿದೆ. ಆ ಒತ್ತಡ 40 ಡಿಗ್ರಿಯಲ್ಲಿ ಸುಮಾರು 7.4 ಕಿಲೋಪ್ಯಾಸ್ಕಲ್, 60 ಡಿಗ್ರಿಯಲ್ಲಿ ಸುಮಾರು 20, 80 ಡಿಗ್ರಿಯಲ್ಲಿ ಸುಮಾರು 47. ಕೋಣೆ 25 ಡಿಗ್ರಿಯಲ್ಲಿದ್ದರೆ 80 ಡಿಗ್ರಿಯ ನೀರಿನ ತಾಪಮಾನ ವ್ಯತ್ಯಾಸವು 40 ಡಿಗ್ರಿಯ ನೀರಿನದ್ದರ ನಾಲ್ಕು ಪಟ್ಟನ್ನೂ ಮುಟ್ಟುವುದಿಲ್ಲ. ಆವಿಯ ಒತ್ತಡವಾದರೋ ಆರು ಪಟ್ಟಿಗೂ ಹೆಚ್ಚು. ಹಾಗಾಗಿ ಬಿಸಿ ಹೆಚ್ಚಿದ್ದಾಗ ಆವಿಯ ಪಾಲು ಉಳಿದ ದಾರಿಗಳನ್ನು ಹಿಂದಿಕ್ಕುತ್ತದೆ, ತಣ್ಣಗಾದಂತೆ ಅದು ಬೇಗನೆ ಕುಗ್ಗುತ್ತದೆ. ಅಂದಹಾಗೆ, ಕಪ್ಪಿನ ಮೇಲೆ ಬೆಳ್ಳಗೆ ಕಾಣುವುದು ಆವಿಯಲ್ಲ. ಆವಿ ಕಣ್ಣಿಗೆ ಕಾಣದು. ಅದು ತಂಪು ಗಾಳಿಯೊಡನೆ ಬೆರೆತು ಮತ್ತೆ ಸಣ್ಣ ಹನಿಗಳಾದಾಗ ಮಾತ್ರ ಬೆಳ್ಳಗೆ ತೋರುತ್ತದೆ. ಬಿಳಿ ಹೊಗೆ ಕಾಣದಿದ್ದರೂ ನೀರು ಆವಿಯಾಗುತ್ತಲೇ ಇರುತ್ತದೆ.

ಇಲ್ಲಿ ಒಬ್ಬ ಚುರುಕಾದ ವಿದ್ಯಾರ್ಥಿ ಆಕ್ಷೇಪ ಎತ್ತಬಹುದು, ಎತ್ತಬೇಕು ಕೂಡ. ಮುಚ್ಚಳ ಆವಿಯನ್ನು ಮಾತ್ರ ತಡೆಯುವುದಿಲ್ಲ, ಮೇಲ್ಮೈಗೆ ಗಾಳಿ ತಾಗುವುದನ್ನೂ ತಡೆಯುತ್ತದೆ. ಹಾಗಿರುವಾಗ ವ್ಯತ್ಯಾಸಕ್ಕೆ ಆವಿಯೇ ಕಾರಣವೆಂದು ಹೇಗೆ ಹೇಳುವುದು? ಮೂರನೆಯ ಕಪ್ಪು ಬೇಕಾಗುವುದು ಈ ಪ್ರಶ್ನೆಗಾಗಿ. ಅದಕ್ಕೆ ಮುಚ್ಚಳ ಹಾಕದೆ, ನೀರಿನ ಮೇಲೆ ಎರಡು ಚಮಚ ಅಡುಗೆ ಎಣ್ಣೆಯನ್ನು ಚಮಚದ ಬೆನ್ನಿನ ಮೇಲಿಂದ ಮೆಲ್ಲಗೆ ಜಾರಿಸಿ ಬಿಡಬೇಕು. ಎಂಟು ಸೆಂಟಿಮೀಟರ್ ಅಗಲದ ಬಾಯಿಯಲ್ಲಿ ಅದು ಸುಮಾರು ಎರಡು ಮಿಲಿಮೀಟರ್ ದಪ್ಪದ ಪದರವಾಗಿ ಹರಡಿಕೊಳ್ಳುತ್ತದೆ. ಈ ಕಪ್ಪಿನಲ್ಲಿ ಜೋರಾಗಿ ಕದಡಿದರೆ ಪದರ ಒಡೆಯುತ್ತದೆ, ಆದ್ದರಿಂದ ಥರ್ಮಾಮೀಟರನ್ನು ಎಣ್ಣೆಯ ಕೆಳಗೇ ನಿಧಾನವಾಗಿ ಆಡಿಸಬೇಕು. ಹೋಲಿಕೆ ಸರಿಯಾಗಿರಲು ಉಳಿದೆರಡರಲ್ಲೂ ಹಾಗೆಯೇ ಮಾಡಬೇಕು. ಎಣ್ಣೆಯ ಮೇಲೆ ಗಾಳಿ ಧಾರಾಳವಾಗಿ ಆಡುತ್ತದೆ, ಅದರ ಮೇಲ್ಮೈಯಿಂದ ವಿಕಿರಣವೂ ನಡೆಯುತ್ತದೆ. ಅಷ್ಟು ತೆಳುವಾದ ಪದರ ವಹನಕ್ಕೆ ಒಡ್ಡುವ ತಡೆಯೂ ಹೆಚ್ಚೇನಲ್ಲ. ನಿಂತುಹೋಗುವುದು ಬಾಷ್ಪೀಕರಣ ಒಂದೇ, ಏಕೆಂದರೆ ಈ ತಾಪಮಾನದಲ್ಲಿ ಎಣ್ಣೆ ತಾನೂ ಆವಿಯಾಗುವುದಿಲ್ಲ, ನೀರನ್ನೂ ಹೊರಬಿಡುವುದಿಲ್ಲ. ಆ ಕಪ್ಪಿನ ಮೇಲೆ ಬಿಳಿ ಹೊಗೆ ಏಳದಿರುವುದು ಕೂಡಲೇ ಗಮನಕ್ಕೆ ಬರುತ್ತದೆ. ಅದರ ರೇಖೆ ತೆರೆದ ಕಪ್ಪನ್ನು ಬಿಟ್ಟು ಮುಚ್ಚಿದ ಕಪ್ಪಿನ ಕಡೆಗೆ ಸರಿಯುತ್ತದೆ, ಲಾಗ್ ಗ್ರಾಫಿನಲ್ಲಿ ಬಾಗು ಬಹಳಷ್ಟು ನೇರವಾಗುತ್ತದೆ. ಈ ಇಡೀ ಪ್ರಯೋಗದಲ್ಲಿ ನನಗೆ ಅತಿ ಪ್ರಿಯವಾದ ಹಂತ ಇದು. ಒಂದೇ ಅಂಶವನ್ನು ಬದಲಿಸಿ ಉಳಿದುದನ್ನೆಲ್ಲ ಹಾಗೆಯೇ ಬಿಡುವುದು ಎಂದರೇನು ಎಂದು ಎರಡು ಚಮಚ ಎಣ್ಣೆ ಕಲಿಸಿಕೊಡುತ್ತದೆ.

ಆವಿಯ ಪಾಲನ್ನು ಅಂಕಿಯಲ್ಲಿ ಹಿಡಿಯಲು ತಕ್ಕಡಿ ನೆರವಾಗುತ್ತದೆ. ತೆರೆದ ಕಪ್ಪನ್ನು 80 ಡಿಗ್ರಿಯಲ್ಲಿ ಒಮ್ಮೆ, 60 ಡಿಗ್ರಿಯಲ್ಲಿ ಇನ್ನೊಮ್ಮೆ, ಥರ್ಮಾಮೀಟರನ್ನು ಹೊರತೆಗೆದು ಅದಕ್ಕಂಟಿದ ಹನಿಗಳನ್ನು ಕಪ್ಪಿಗೇ ತಟ್ಟಿ, ತೂಗಬೇಕು. ತೂಕ 4 ಗ್ರಾಂ ಇಳಿಯಿತು ಎಂದಿಟ್ಟುಕೊಂಡು ಲೆಕ್ಕ ಮಾಡೋಣ. 200 ಗ್ರಾಂ ನೀರು 20 ಡಿಗ್ರಿ ಇಳಿಯಲು ಕಳೆದುಕೊಂಡ ಉಷ್ಣ ಸುಮಾರು 16,700 ಜೂಲ್, 300 ಗ್ರಾಂ ಕಪ್ಪು ಕಳೆದುಕೊಂಡದ್ದು ಸುಮಾರು 5,100 ಜೂಲ್, ಒಟ್ಟು 21,800. ನಾಲ್ಕು ಗ್ರಾಂ ಆವಿ ಒಯ್ದದ್ದು ಸುಮಾರು 9,200 ಜೂಲ್. ಅಂದರೆ ಶೇಕಡಾ 40ಕ್ಕೂ ಹೆಚ್ಚು ಭಾಗ, ಒಟ್ಟು ನೀರಿನ ಶೇಕಡಾ 2ರಷ್ಟು ಮಾತ್ರ ಕಡಿಮೆಯಾಗಿ, ಹೊರಟುಹೋಯಿತು. ಒಂದು ಗ್ರಾಂವರೆಗೆ ಮಾತ್ರ ತೋರಿಸುವ ತಕ್ಕಡಿಯಾದರೆ ಇಲ್ಲಿ ದೋಷ ದೊಡ್ಡದಾಗುತ್ತದೆ, 0.1 ಗ್ರಾಂ ತೋರಿಸುವುದು ಸಿಕ್ಕರೆ ಬಳಸಬೇಕು. ಮುಚ್ಚಿದ ಕಪ್ಪಿನ ಮುಚ್ಚಳವನ್ನು ತಿರುಗಿಸಿ ನೋಡಿದರೆ ಒಳಮೈ ತುಂಬ ಹನಿಗಳಿರುತ್ತವೆ, ಮುಟ್ಟಿದರೆ ಬೆಚ್ಚಗಿರುತ್ತದೆ. ಆವಿ ಅಲ್ಲಿ ಮತ್ತೆ ನೀರಾಗಿ ತನ್ನ ಗುಪ್ತೋಷ್ಣವನ್ನು ಮುಚ್ಚಳಕ್ಕೆ ಬಿಟ್ಟುಕೊಟ್ಟು, ಕಪ್ಪಿಗೇ ತೊಟ್ಟಿಕ್ಕುತ್ತದೆ.

ಇಷ್ಟು ತಿಳಿದ ಮೇಲೆ ನಾವು ದಿನವೂ ಮಾಡುವ ಕೆಲಸಗಳಿಗೆ ಕಾರಣ ತಾನಾಗಿ ಸ್ಪಷ್ಟವಾಗುತ್ತದೆ. ಊದಿದಾಗ ಮೇಲ್ಮೈಗೆ ಅಂಟಿಕೊಂಡಿರುವ ತೇವದ ಗಾಳಿ ಸರಿದು ಒಣ ಗಾಳಿ ಬರುವುದರಿಂದ ಆವಿಯಾಗುವ ವೇಗ ಹೆಚ್ಚುತ್ತದೆ. ಎಂಟು ಸೆಂಟಿಮೀಟರ್ ಬಾಯಿಯ ಕಪ್ಪಿನಿಂದ ಹದಿನಾಲ್ಕು ಸೆಂಟಿಮೀಟರ್ ಅಗಲದ ತಟ್ಟೆಗೆ ಸುರಿದರೆ ತೆರೆದ ಮೇಲ್ಮೈ ಮೂರು ಪಟ್ಟಾಗುತ್ತದೆ. ಅದಕ್ಕೆ ಹೋಲಿಸಿದರೆ ಕಪ್ಪಿನಲ್ಲಿ ನಿಲ್ಲಿಸಿದ ಲೋಹದ ಚಮಚ ಹೊರಸಾಗಿಸುವ ಉಷ್ಣ ತೀರ ಅಲ್ಪ. 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳ ಸೇವನೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಬಹುಶಃ ಕ್ಯಾನ್ಸರ್‌ಕಾರಕ ಎಂಬ ವರ್ಗಕ್ಕೆ ಸೇರಿಸಿತು. ಆದ್ದರಿಂದ ತೆರೆದ ಕಪ್ಪು 65 ಡಿಗ್ರಿಗೆ ಇಳಿಯಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ತಮ್ಮದೇ ಗ್ರಾಫಿನಿಂದ ಓದಿಕೊಳ್ಳುವುದು ಮಕ್ಕಳಿಗೆ ಉಪಯುಕ್ತ.

ಕೊನೆಯದಾಗಿ, ಈ ಪ್ರಯೋಗದ ಜೊತೆ ಸದಾ ಬರುವ ಒಂದು ಪ್ರಶ್ನೆ ಇದೆ. ಅರ್ಧ ಗಂಟೆ ಬಿಟ್ಟು ಕುಡಿಯುವ ಕಾಫಿ ಆದಷ್ಟು ಬಿಸಿಯಾಗಿರಬೇಕಾದರೆ ಹಾಲನ್ನು ಈಗಲೇ ಬೆರೆಸಬೇಕೋ, ಕುಡಿಯುವ ಮುನ್ನ ಬೆರೆಸಬೇಕೋ? ಮೊದಲೇ ಬೆರೆಸಿದರೆ ತಾಪಮಾನ ಇಳಿದು ವ್ಯತ್ಯಾಸ ಕುಗ್ಗುವುದರಿಂದ ಅದು ನಿಧಾನವಾಗಿ ತಣಿಯುತ್ತದೆ, ಹಾಗಾಗಿ ಮೊದಲೇ ಬೆರೆಸಬೇಕು ಎಂದು ಹೇಳಿ ಮುಗಿಸುವುದು ರೂಢಿ. ಉತ್ತರ ಸರಿಯಾದರೂ ಕೊಟ್ಟ ಕಾರಣ ಸಾಲದು. 85 ಡಿಗ್ರಿಯ 200 ಗ್ರಾಂ ಕಾಫಿಗೆ ಕೋಣೆಯ ತಾಪಮಾನವಾದ 25 ಡಿಗ್ರಿಯಲ್ಲೇ ಇರುವ 50 ಗ್ರಾಂ ಹಾಲನ್ನು ಈಗಲೇ ಬೆರೆಸಿದರೆ ಮಿಶ್ರಣ 73 ಡಿಗ್ರಿಗೆ ಬರುತ್ತದೆ, ವ್ಯತ್ಯಾಸ 48. ಅರ್ಧ ಗಂಟೆಯಲ್ಲಿ ಅದು ಅರ್ಧವಾದರೆ ಕೊನೆಗೆ 49 ಡಿಗ್ರಿ. ಹಾಲಿಲ್ಲದೆ ಬಿಟ್ಟ ಕಾಫಿ ಅಷ್ಟೇ ಹೊತ್ತಿನಲ್ಲಿ 55ಕ್ಕೆ ಇಳಿಯುತ್ತದೆ, ಅದಕ್ಕೆ ಆಗ ಹಾಲು ಬೆರೆಸಿದರೆ ಸಿಗುವುದು ಕೂಡ 49 ಡಿಗ್ರಿಯೇ. ವ್ಯತ್ಯಾಸ ಅರ್ಧವಾಗುವ ಅವಧಿ ಎರಡಕ್ಕೂ ಒಂದೇ ಎಂದು ಹಿಡಿದರೆ ಕ್ರಮದಿಂದ ಯಾವ ಲಾಭವೂ ಇಲ್ಲ.

ಲಾಭ ಬರುವುದು ಬೇರೆ ಕಡೆಯಿಂದ. ಮೊದಲೇ ಬೆರೆಸಿದ ಕಪ್ಪಿನಲ್ಲಿ 250 ಗ್ರಾಂ ದ್ರವವಿದೆ, ಉಷ್ಣ ಬಿಡುವ ಮೇಲ್ಮೈಯಾದರೋ ಹೆಚ್ಚೇನೂ ದೊಡ್ಡದಾಗಿಲ್ಲ. ಹೀಗಾಗಿ ಅದರ ವ್ಯತ್ಯಾಸ ಅರ್ಧವಾಗಲು ಹೆಚ್ಚು ಹೊತ್ತು ಬೇಕು. ಕಪ್ಪು ಹಿಡಿದಿಟ್ಟುಕೊಳ್ಳುವ ಉಷ್ಣವನ್ನು ಬಿಟ್ಟು ಲೆಕ್ಕ ಹಾಕಿದರೆ 30 ನಿಮಿಷದ ಅವಧಿ 37 ನಿಮಿಷ ದಾಟುತ್ತದೆ, ಕೊನೆಯ ತಾಪಮಾನ 52 ಡಿಗ್ರಿಯ ಮೇಲೆ ನಿಲ್ಲುತ್ತದೆ. ಎರಡನೆಯ ಕಾರಣ ಆವಿ. ಹಾಲಿಲ್ಲದ ಕಾಫಿ 85 ಡಿಗ್ರಿಯಿಂದ ಹೊರಡುವುದರಿಂದ ಬಾಷ್ಪೀಕರಣ ಅತಿ ಜೋರಾಗಿರುವ ಹಂತವನ್ನು ಪೂರ್ತಿ ಅನುಭವಿಸುತ್ತದೆ. ಬೆರೆಸಿದ್ದು ಆ ಹಂತದ ದೊಡ್ಡ ಭಾಗವನ್ನು ತಪ್ಪಿಸಿಕೊಳ್ಳುತ್ತದೆ. ಈ ಎರಡು ಕಾರಣಗಳನ್ನು ಬೇರ್ಪಡಿಸುವುದೂ ತರಗತಿಯಲ್ಲೇ ಸಾಧ್ಯ. ಇದೇ ಹೋಲಿಕೆಯನ್ನು ಒಮ್ಮೆ ತೆರೆದ ಕಪ್ಪುಗಳಲ್ಲಿ, ಇನ್ನೊಮ್ಮೆ ಮುಚ್ಚಿದ ಕಪ್ಪುಗಳಲ್ಲಿ ಮಾಡಬೇಕು, ಹಾಲಿನ ಬದಲು ಕೋಣೆಯ ತಾಪಮಾನದ ನೀರನ್ನೇ ಬಳಸಬೇಕು. ಮುಚ್ಚಿದ ಜೋಡಿಯಲ್ಲಿ ಉಳಿಯುವ ಅಂತರ ಬಹುಪಾಲು ದ್ರವದ ಪ್ರಮಾಣದ್ದು. ತೆರೆದ ಜೋಡಿಯಲ್ಲಿ ಅದಕ್ಕಿಂತ ಹೆಚ್ಚು ಕಂಡ ಭಾಗ ಆವಿಯದ್ದು.